ಪ್ರಥಮ ಮ್ಯಾರಥಾನ್ ಮೀಮಾಂಸೆ: ಅಂಗಭಂಗವಿಲ್ಲದೆ ಓಡಿ ಮುಗಿಸುವ ಶಾಸ್ತ್ರದ ಸಂಗ್ರಹ

ಅನುಬಂಧ ಚತುಷ್ಟಯ

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್ ದೂರವನ್ನು, ಬಸ್ಸಿನ ಸೌಕರ್ಯವಿದ್ದೂ, ಮುಂಗಡ ಹಣ ಕಟ್ಟಿ ಕಾಲಿನಲ್ಲೇ ಓಡಿ ಮುಗಿಸುವ ಕ್ರಿಯೆ. ಮಂಡ್ಯದಿಂದ ಮೈಸೂರಿಗಿರುವ ದೂರಕ್ಕಿಂತ ಇದು ತುಸುವೇ ಕಡಿಮೆ. ಯಾವ ಶಾಸ್ತ್ರವಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲೇ ಹೇಳಿಬಿಡಬೇಕೆಂಬುದು ಹಿಂದಿನಿಂದ ಬಂದ ಕಟ್ಟಳೆ. ಇಲ್ಲಿ ವಿಷಯವು ಮೊದಲ ಮ್ಯಾರಥಾನಿನ ತಯಾರಿ. ಪ್ರಯೋಜನವು ಓಟ ಮುಗಿದ ಮೇಲೂ ಎರಡು ಮೊಣಕಾಲುಗಳು ಕೆಲಸಕ್ಕೆ ಬರುವಂತಿರುವುದು; ಪದಕ ಮತ್ತು ಫೋಟೊಗಳು ಆನುಷಂಗಿಕ ಫಲಗಳು. ಸಂಬಂಧವು ಓಟಗಾರನಿಗೂ ಫಿಸಿಯೊಥೆರಪಿಸ್ಟಿಗೂ ಇರುವಂಥದು. ಅದು ಗಾಢವಾಗದಂತೆ ತಡೆಯುವುದೇ ಈ ಶಾಸ್ತ್ರದ ಗುರಿ.

ಅಧಿಕಾರಿಯ ಲಕ್ಷಣಗಳು ಹೀಗಿವೆ: ನಲವತ್ತರ ಆಸುಪಾಸಿನ ವಯಸ್ಸು, ಕೂತು ಮಾಡುವ ಕೆಲಸ, ಆರೋಗ್ಯ ತಪಾಸಣೆಯ ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಒಂದೆರಡು ಅಂಕಿ, 10 ಕಿ.ಮೀ. ಓಟವೊಂದನ್ನು ಮುಗಿಸಿದ ಹೆಮ್ಮೆ. ಬೆಂಗಳೂರಿನಲ್ಲಿ ಈ ಪ್ರಭೇದವು ಭಾನುವಾರ ಬೆಳಗಿನ ಜಾವ ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗಿನ ಸುತ್ತ ಹೇರಳವಾಗಿ ಕಾಣಸಿಗುತ್ತದೆ. ಎಂಟು ಗಂಟೆಯ ನಂತರ ದರ್ಶಿನಿಗಳ ಕಡೆಗೆ ವಲಸೆ ಹೋಗುತ್ತದೆ. ಹೃದಯದ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ ಇರುವವರು ವೈದ್ಯರ ಒಪ್ಪಿಗೆಯ ನಂತರವೇ ಅಧಿಕಾರಿಗಳು. ವಯಸ್ಸಿಗೆ ಮೇಲ್ಮಿತಿಯಿಲ್ಲ. ಪಂಜಾಬಿನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಫೌಜಾ ಸಿಂಗ್ 2011ರಲ್ಲಿ, ತಮ್ಮ ನೂರನೇ ವಯಸ್ಸಿನಲ್ಲಿ, ಟೊರಾಂಟೊ ವಾಟರ್‌ಫ್ರಂಟ್ ಮ್ಯಾರಥಾನ್ ಮುಗಿಸಿದರು. ಜನನ ಪ್ರಮಾಣಪತ್ರವಿಲ್ಲದ ಕಾರಣ ಗಿನ್ನೆಸ್‌ನವರು ಅದನ್ನು ದಾಖಲೆಯೆಂದು ಒಪ್ಪಲಿಲ್ಲ. ಕಾಲು ಗಟ್ಟಿಯಿದ್ದರೆ ಸಾಲದು, ಕಾಗದಪತ್ರವೂ ಗಟ್ಟಿಯಿರಬೇಕು ಎಂಬುದು ಇದರಿಂದ ಸಿದ್ಧಿಸುತ್ತದೆ.

ಪರಂಪರೆ

ಈ ಪರಂಪರೆಯ ಆದಿಪುರುಷ ಫಿಡಿಪಿಡೀಸ್. ಕ್ರಿ.ಪೂ. 490ರಲ್ಲಿ ಅವನು ಮ್ಯಾರಥಾನ್ ರಣರಂಗದಿಂದ ಅಥೆನ್ಸಿಗೆ ಓಡಿ, ಗೆದ್ದ ಸುದ್ದಿ ಹೇಳಿ, ಅಲ್ಲೇ ಪ್ರಾಣ ಬಿಟ್ಟನೆಂಬುದು ಜನಪ್ರಿಯ ಪಾಠ. ಆ ಕಾಲಕ್ಕೆ ಹೆಚ್ಚು ಹತ್ತಿರದವನಾದ ಇತಿಹಾಸಕಾರ ಹೆರೊಡೊಟಸ್‌ನ ಪಾಠ ಬೇರೆ. ಅದರಲ್ಲಿ ಓಡುವುದನ್ನೇ ಕಸುಬಾಗಿ ಉಳ್ಳ ದೂತನೊಬ್ಬ ನೆರವು ಕೇಳಲು ಅಥೆನ್ಸಿನಿಂದ ಸ್ಪಾರ್ಟಾಕ್ಕೆ, ಎಂದರೆ ಸುಮಾರು 240 ಕಿ.ಮೀ., ಓಡುತ್ತಾನೆ, ಸತ್ತ ಪ್ರಸ್ತಾಪವೇ ಇಲ್ಲ. ಕಸುಬಿನ ಓಟಗಾರ 240 ಕಿ.ಮೀ. ಓಡಿ ಬದುಕಿದ, ಕವಿಗಳ ಕೈಗೆ ಸಿಕ್ಕವನು 40 ಕಿ.ಮೀ.ಗೇ ಸತ್ತ. ತರಬೇತಿಯ ಮಹತ್ವಕ್ಕೆ ಇದಕ್ಕಿಂತ ಹಳೆಯ ಪ್ರಮಾಣ ಬೇಕಿಲ್ಲ.

1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಮೊದಲ ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್ ವೃತ್ತಿಯಿಂದ ನೀರು ಹೊರುವವನು. ಆಗ ದೂರ ಇನ್ನೂ 40 ಕಿ.ಮೀ. ಸುಮಾರಿನದು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟವನ್ನು ವಿಂಡ್ಸರ್ ಅರಮನೆಯಿಂದ ಹೊರಡಿಸಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದ ಎದುರು ಮುಗಿಸಿದ್ದರಿಂದ ಅದು 42.195 ಕಿ.ಮೀ. ಆಯಿತು, 1921ರಲ್ಲಿ ಅದೇ ಕಾಯಂ ಆಯಿತು. ಹೀಗಾಗಿ ಇಂದಿನ ಓಟಗಾರನು ಕೊನೆಯ ಎರಡು ಕಿಲೋಮೀಟರುಗಳಲ್ಲಿ ಪಡುವ ಯಾತನೆಗೆ ತನ್ನ ತರಬೇತಿಯನ್ನಷ್ಟೇ ದೂರಬೇಕಾಗಿಲ್ಲ. ಅದೇ 1908ರಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣ ಸೇರಿ, ದಿಕ್ಕು ತಪ್ಪಿ, ಮತ್ತೆ ಮತ್ತೆ ಬಿದ್ದು, ಅಧಿಕಾರಿಗಳು ಕೈಹಿಡಿದು ದಾಟಿಸಿದ್ದಕ್ಕಾಗಿ ಅನರ್ಹನಾದ. ಕೊನೆಯ ಗೆರೆಯ ಬಳಿ ಸಹಾಯಕ್ಕೆ ಬರುವ ಬಂಧುಗಳ ಬಗ್ಗೆ ಎಚ್ಚರವಿರಲಿ ಎಂಬ ವಿಧಿಗೆ ಇದು ಆಧಾರ.

ಸನ್ನದ್ಧತೆಯ ಕ್ರಮ

ಮ್ಯಾರಥಾನಿಗೆ ದೇಹದ ಅಂಗಗಳೆಲ್ಲ ಒಟ್ಟಿಗೆ ಸಿದ್ಧವಾಗುವುದಿಲ್ಲ. ಮೊದಲು ಸಿದ್ಧವಾಗುವುದು ನಾಲಿಗೆ. ನೋಂದಣಿಯಾದ ಸಂಜೆಯೊಳಗೆ ಅದು ಆಫೀಸು, ಅಪಾರ್ಟ್‌ಮೆಂಟು ಮತ್ತು ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ಪೂರ್ಣ ಮ್ಯಾರಥಾನನ್ನು ಓಡಿ ಮುಗಿಸಿರುತ್ತದೆ. ಎರಡನೆಯದು ಪರ್ಸು, ವಾರದೊಳಗೆ ಶೂ, ವಾಚು, ಟೊಪ್ಪಿ, ಸೊಂಟಕ್ಕೆ ಕಟ್ಟುವ ಚೀಲ ಬಂದಿರುತ್ತವೆ. ಮೂರನೆಯವು ಹೃದಯ ಮತ್ತು ಶ್ವಾಸಕೋಶ. ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗುತ್ತದೆ. ನಾಲ್ಕನೆಯವು ಮಾಂಸಖಂಡಗಳು, ಇವಕ್ಕೆ ಒಂದೆರಡು ತಿಂಗಳು. ಕಟ್ಟಕಡೆಯವು ಸ್ನಾಯುರಜ್ಜು ಮತ್ತು ಮೂಳೆ. ಇವುಗಳ ಲೆಕ್ಕವೆಲ್ಲ ತಿಂಗಳುಗಳಲ್ಲಿ. ಹೊಸ ಭಾರ ಬಿದ್ದಾಗ ಮೂಳೆಯು, ಹಳೆ ಮನೆ ಕೆಡವಿ ಅದೇ ಸೈಟಿನಲ್ಲಿ ಹೊಸದು ಕಟ್ಟುವವರಂತೆ, ಮೊದಲು ಹಳೆಯ ಭಾಗವನ್ನು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ. ಇಂಥ ಒಂದು ಸುತ್ತಿಗೆ ಮೂರು ನಾಲ್ಕು ತಿಂಗಳು ಬೇಕು. ನಡುವಿನ ಅವಧಿಯಲ್ಲಿ ಅದು ಮೊದಲಿಗಿಂತ ದುರ್ಬಲ.

ಇದರಿಂದ ಶಾಸ್ತ್ರದ ಮೂಲಸೂತ್ರ ಹೊರಡುತ್ತದೆ: ಬೇಗ ಸಿದ್ಧವಾದ ಅಂಗವು ತಡವಾಗಿ ಸಿದ್ಧವಾಗುವ ಅಂಗದ ಮೇಲೆ ದರ್ಬಾರು ನಡೆಸಿದಾಗ ಗಾಯವಾಗುತ್ತದೆ. ಉಸಿರು ಸಾಕಷ್ಟಿದೆಯೆಂದು ವೇಗ ಹೆಚ್ಚಿಸಿದಾಗ ಮೊಣಗಂಟಿನ ಕೆಳಗಿನ ಮೂಳೆ ಆಕ್ಷೇಪಿಸುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ; ನಾಲ್ಕೈದು ಗಂಟೆಯಲ್ಲಿ ಮುಗಿಸುವವನಿಗೆ ಹೆಜ್ಜೆಗಳು 40,000ಕ್ಕೆ ಸಮೀಪ ಅಥವಾ ಮೀರಿ. ಲೆಕ್ಕ ಇಡುವ ವಾಚು ಕೈಯಲ್ಲಿರುತ್ತದೆ, ಲೆಕ್ಕ ತೀರಿಸುವ ಅಂಗ ಕೆಳಗಿರುತ್ತದೆ.

ಅಭ್ಯಾಸ ವಿಧಿ

ಕೆಲವು ತಿಂಗಳು ನಿಯಮಿತವಾಗಿ ಓಡಿ ರೂಢಿಯಾದವನಿಗೆ ಮಾತ್ರ 16ರಿಂದ 20 ವಾರಗಳ ವೇಳಾಪಟ್ಟಿ ವಿಹಿತ. ವಾರಕ್ಕೆ ಮೂರು ಅಥವಾ ನಾಲ್ಕು ದಿನ ಓಟ, ಒಂದೆರಡು ದಿನ ಕಾಲು, ಸೊಂಟ, ಹೊಟ್ಟೆಗಳ ಬಲವರ್ಧನೆಯ ವ್ಯಾಯಾಮ, ಉಳಿದ ದಿನ ವಿಶ್ರಾಂತಿ. ವಿಶ್ರಾಂತಿಯ ದಿನ ಶಟಲ್ ಆಡುವುದು ವಿಶ್ರಾಂತಿಯಲ್ಲಿ ಸೇರುವುದಿಲ್ಲ. ವಾರಾಂತ್ಯದ ಉದ್ದ ಓಟವನ್ನು ಮೆಲ್ಲಮೆಲ್ಲನೆ 30ರಿಂದ 32 ಕಿ.ಮೀ.ಗೆ ಏರಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ತಗ್ಗಿಸಬೇಕು. 42 ಕಿ.ಮೀ. ಓಡಲಾಗುತ್ತದೋ ಇಲ್ಲವೋ ಎಂದು ಹಿಂದಿನ ತಿಂಗಳೇ 42 ಕಿ.ಮೀ. ಓಡಿ ನೋಡುವವರು ಹೆಚ್ಚಾಗಿ ಓಟದ ದಿನ ಪ್ರೇಕ್ಷಕರಾಗಿರುತ್ತಾರೆ.

ವಾರಕ್ಕೆ 10 ಪ್ರತಿಶತಕ್ಕಿಂತ ಹೆಚ್ಚು ದೂರ ಏರಿಸಕೂಡದೆಂಬುದು ಸಂಪ್ರದಾಯದ ಮತ. ನೆದರ್ಲೆಂಡ್ಸಿನಲ್ಲಿ ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ನಿಯಮ ಪಾಲಿಸಿದವರಿಗೂ ತುಸು ಬೇಗ ಏರಿಸಿದವರಿಗೂ ಗಾಯಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಪೂರ್ವಪಕ್ಷಿಯು ಇದನ್ನೇ ಹಿಡಿದು ಒಂದೇ ವಾರದಲ್ಲಿ ದೂರವನ್ನು ಇಮ್ಮಡಿ ಮಾಡುತ್ತಾನೆ. ಸಿದ್ಧಾಂತಿಯ ಉತ್ತರ: ಹತ್ತೆಂಬ ಅಂಕಿ ಪವಿತ್ರವಲ್ಲ ಎಂದರೆ ನೂರು ಪವಿತ್ರವೆಂದು ಅರ್ಥವಲ್ಲ.

ವೇಗದ ನಿರ್ಣಯಕ್ಕೆ ಸಂಭಾಷಣಾ ಪರೀಕ್ಷೆ ಇದೆ. ಬಹುಪಾಲು ಓಟಗಳಲ್ಲಿ ಪಕ್ಕದವನೊಂದಿಗೆ ಪೂರ್ಣವಾಕ್ಯದಲ್ಲಿ ಮಾತಾಡಲು ಸಾಧ್ಯವಾಗಬೇಕು. ಬೆಂಗಳೂರಿನಲ್ಲಿ ಸೈಟಿನ ರೇಟಿನ ವಿಷಯ ಎತ್ತಿದರೆ ಪರೀಕ್ಷೆ ತಾನಾಗಿ ನಡೆಯುತ್ತದೆ: ವಿವರ ಹೇಳಿ ಮುಗಿಸುವಷ್ಟು ಉಸಿರಿದ್ದರೆ ವೇಗ ಸರಿ, "ಮೂರು ಕೋಟಿ" ಎಂಬಲ್ಲೇ ನಿಂತರೆ ಅತಿವೇಗ. ನಡುನಡುವೆ ನಡೆಯುವುದು ದೋಷವಲ್ಲ. ಓಟ ಮತ್ತು ನಡಿಗೆಯನ್ನು ಲೆಕ್ಕಹಾಕಿ ಬೆರೆಸುವ ಕ್ರಮವನ್ನು ಅಮೆರಿಕದ ಒಲಿಂಪಿಕ್ ಓಟಗಾರ ಜೆಫ್ ಗ್ಯಾಲೊವೆ ದಶಕಗಳ ಕಾಲ ಬೋಧಿಸಿದರು. ನಡೆಯುವಾಗ ಪರಿಚಯದವರು ಎದುರಾದರೆ ಶೂ ಲೇಸು ಕಟ್ಟಲು ಬಗ್ಗುವುದು ಶಿಷ್ಟಾಚಾರ.

ಪಾದರಕ್ಷಾ ವಿವಾದ

ಬರಿಗಾಲವಾದಿಗಳ ಪೂರ್ವಪಕ್ಷ: ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲೇ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಓಡಿ ಗೆದ್ದ, ಆದ್ದರಿಂದ ಶೂ ಅನವಶ್ಯಕ. ಶೂವಾದಿಗಳ ಖಂಡನೆ: ಅದೇ ಬಿಕಿಲಾ 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿ ಇನ್ನೂ ಬೇಗ ಓಡಿ ಗೆದ್ದ, ಆದ್ದರಿಂದ ದುಬಾರಿ ಶೂ ಅವಶ್ಯಕ. ಸಿದ್ಧಾಂತ: ಎರಡೂ ಸಲ ಕಾಲಿನಲ್ಲಿ ಇದ್ದದ್ದು ಬಿಕಿಲಾ. ಅವನ ರೋಮಿನ ದಾರಿ ಕೇಬಲ್ ಹಾಕಲು ಅಗೆದು ಮುಚ್ಚದೆ ಬಿಟ್ಟ ಫುಟ್‌ಪಾತ್ ಆಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಹಾಕಿದ ಕ್ಷಣದಿಂದ ಹಿತವೆನಿಸುವ ಶೂ ಉತ್ತಮ. ಅದರ ಆಯಸ್ಸು ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಹೊಚ್ಚ ಹೊಸ ಶೂವನ್ನು ಓಟದ ದಿನ ಮೊದಲ ಬಾರಿ ಹಾಕುವುದು ನಿಷಿದ್ಧ.

ನೋವುಗಳ ವರ್ಗೀಕರಣ

ನೋವು ಮೂರು ವಿಧ. ಸಾಧಾರಣ ನೋವು ಎರಡೂ ಕಾಲಿನಲ್ಲಿ ಸಮವಾಗಿದ್ದು, ಒಂದೆರಡು ದಿನ ಮೆಟ್ಟಿಲುಗಳ ವಿಷಯದಲ್ಲಿ ವಿರಕ್ತಿ ಹುಟ್ಟಿಸಿ ತಾನಾಗಿ ಹೋಗುತ್ತದೆ. ಸಂದಿಗ್ಧ ನೋವು ಒಂದೇ ಕಡೆ ಇರುತ್ತದೆ, ಓಟದ ಆರಂಭದಲ್ಲಿ ಕಾಣಿಸಿ ಮೈ ಬಿಸಿಯಾದಂತೆ ಅಡಗುತ್ತದೆ. ಓಟಗಾರನು ಇದನ್ನು ಗುಣವಾಯಿತೆಂದು ಭ್ರಮಿಸುತ್ತಾನೆ. ಬೆಳಿಗ್ಗೆ ಮೊದಲ ಹೆಜ್ಜೆಗೆ ಹಿಮ್ಮಡಿಯ ಅಡಿ ಚುಚ್ಚುವ ಪ್ಲಾಂಟಾರ್ ಫೇಶಿಯೈಟಿಸ್ ಮತ್ತು ಹಿಮ್ಮಡಿಯ ಹಿಂದಿನ ಅಕಿಲಿಸ್ ರಜ್ಜುವಿನ ಬಿಗಿತ ಹೆಚ್ಚಾಗಿ ಹೀಗೇ ಪ್ರವೇಶಿಸುತ್ತವೆ. ಈ ಹಂತದಲ್ಲಿ ದೂರ ಮತ್ತು ವೇಗ ಎರಡನ್ನೂ ಇಳಿಸುವುದೇ ಮದ್ದು. ನಿಶ್ಚಿತ ನೋವು ಬೆರಳ ತುದಿಯಿಂದ ತೋರಿಸುವಷ್ಟು ಖಚಿತವಾದ ಜಾಗದಲ್ಲಿದ್ದು, ಓಡಿದಷ್ಟೂ ಹೆಚ್ಚಿ, ಮಲಗಿದಾಗಲೂ ಬಿಡದೆ, ನಡಿಗೆಯನ್ನೇ ಕುಂಟಾಗಿಸುತ್ತದೆ. ಅದು ಮೂಳೆಯ ಸೂಕ್ಷ್ಮ ಬಿರುಕಾಗಿರಬಹುದು; ಓಟ ನಿಲ್ಲಿಸಿ ವೈದ್ಯರ ಬಳಿ ಹೋಗುವುದೇ ವಿಧಿ.

ಪ್ರತಿ ವಿಧಕ್ಕೂ ಗುಂಪಿನ ಹಿರಿಯರಿಂದ ಸಿಗುವ ಚಿಕಿತ್ಸೆ ಒಂದೇ: "ಏನೂ ಆಗಲ್ಲ ಗುರು, ಓಡ್ತಾ ಓಡ್ತಾ ಹೋಗತ್ತೆ." ಹೋಗುವುದು ಏನೆಂದು ಅವರು ಸ್ಪಷ್ಟಪಡಿಸುವುದಿಲ್ಲ.

ಅನ್ನಪಾನ

1904ರ ಸೇಂಟ್ ಲೂಯಿ ಒಲಿಂಪಿಕ್ಸಿನಲ್ಲಿ ಗೆದ್ದ ಥಾಮಸ್ ಹಿಕ್ಸ್‌ಗೆ ಓಟದ ನಡುವೆ ಸ್ಟ್ರಿಕ್ನಿನ್ ಎಂಬ ವಿಷ, ಮೊಟ್ಟೆಯ ಬಿಳಿ ಮತ್ತು ಬ್ರಾಂದಿ ಕೊಡಲಾಗಿತ್ತು. ಈ ಪಥ್ಯವನ್ನು ಅರ್ವಾಚೀನರು ಕೈಬಿಟ್ಟಿದ್ದಾರೆ. ದೇಹ ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಬಹಳ ಜನರಿಗೆ 30 ಕಿ.ಮೀ. ಸುಮಾರಿಗೆ ಬರಿದಾಗತೊಡಗುತ್ತದೆ; ಓಟಗಾರರು "ಗೋಡೆ" ಎನ್ನುವುದು ಇದನ್ನೇ. ಆದ್ದರಿಂದ ಹಿಂದಿನ ಒಂದೆರಡು ದಿನ ಅನ್ನ, ಇಡ್ಲಿ, ಮುದ್ದೆಯಂಥ ರೂಢಿಯ ಪಿಷ್ಟಾಹಾರ, ಓಡುವಾಗ ಬಾಳೆಹಣ್ಣು ಅಥವಾ ಜೆಲ್ ವಿಹಿತ. ಓಟದ ಹಿಂದಿನ ರಾತ್ರಿ ಮದುವೆ ಮನೆಯ ಊಟ ನಿಷಿದ್ಧ; ಅದರ ಪರಿಣಾಮವನ್ನು ರಸ್ತೆ ಬದಿಯ ಮೊಬೈಲ್ ಶೌಚಾಲಯದ ಸಾಲಿನಲ್ಲಿ ಅಧ್ಯಯನ ಮಾಡಬಹುದು.

ನೀರು ಅತಿಯಾದರೂ ಅಪಾಯವೇ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತಪರೀಕ್ಷೆಗೆ ಒಳಪಟ್ಟ 488 ಓಟಗಾರರಲ್ಲಿ 13 ಪ್ರತಿಶತ ಜನರ ರಕ್ತದಲ್ಲಿ ಸೋಡಿಯಂ ತಗ್ಗಿತ್ತು. ಓಟದ ನಡುವೆ ತೂಕ ಹೆಚ್ಚುವಷ್ಟು ಕುಡಿದವರಲ್ಲಿ ಈ ಅಪಾಯ ಹೆಚ್ಚು. ಬಾಯಾರಿದಷ್ಟು ಕುಡಿಯುವುದು ನಿಯಮ. ಕೊಡುವ ಕಡೆಯೆಲ್ಲ ಉಚಿತವೆಂಬ ಕಾರಣಕ್ಕೆ ಕುಡಿಯುವುದು ನಿಯಮವಲ್ಲ.

ಟೇಪರ್ ಮತ್ತು ಓಟದ ದಿನ

ಕೊನೆಯ ಎರಡು ಮೂರು ವಾರ ದೂರವನ್ನು ಇಳಿಸುತ್ತ ಬರುವುದಕ್ಕೆ ಟೇಪರ್ ಎಂದು ಹೆಸರು. ತಪ್ಪಿಸಿಕೊಂಡ ಓಟಗಳ ಬಾಕಿಯನ್ನೆಲ್ಲ ಈ ಅವಧಿಯಲ್ಲಿ ಬಡ್ಡಿ ಸಮೇತ ತೀರಿಸುವ ಆಸೆ ಹುಟ್ಟುತ್ತದೆ. ಈಗ ಓಡಿದ್ದರ ಫಲ ಓಟದ ದಿನದೊಳಗೆ ಕೈಗೆ ಸಿಗದು, ದಣಿವು ಮಾತ್ರ ಸಿಗುತ್ತದೆ. ಇದೇ ಅವಧಿಯಲ್ಲಿ ಇಲ್ಲದ ನೋವುಗಳು ಕಾಣಿಸಿಕೊಳ್ಳುತ್ತವೆ. ಮನೆಯವರು ಇವನ್ನು ಮೊದಲಿನಿಂದಲೂ ಬಲ್ಲರು.

ಓಟದ ದಿನ ತೊಡೆಸಂದಿ, ಕಂಕುಳುಗಳಿಗೆ ವ್ಯಾಸಲೀನ್ ಲೇಪಿಸಿ, ಬಿಬ್ ಸಿಕ್ಕಿಸಿ, ಮೊದಲ 10 ಕಿ.ಮೀ.ಯನ್ನು ನಾಚಿಕೆಯಾಗುವಷ್ಟು ನಿಧಾನವಾಗಿ ಓಡಬೇಕು. ಜನರ ಚಪ್ಪಾಳೆಗೆ ಮೊದಲು ಸ್ಪಂದಿಸುವ ಅಂಗ ಕಾಲಲ್ಲ, ಅಹಂಕಾರ. ಮೂಲಸೂತ್ರ ಇಲ್ಲೂ ಅನ್ವಯಿಸುತ್ತದೆ.

ಫಲಶ್ರುತಿ

ಈ ವಿಧಿಗಳನ್ನು ಪಾಲಿಸಿದವನು ಗೆರೆ ದಾಟಿ, ಪದಕ ಪಡೆದು, ಮನೆ ಸೇರುತ್ತಾನೆ. ಅಲ್ಲಿ ಸೋದರತ್ತೆ "ಎಷ್ಟನೇ ಪ್ರೈಜ್ ಬಂತಪ್ಪ?" ಎಂದು ಕೇಳುತ್ತಾರೆ. ಸಾವಿರಾರು ಜನರ ಸ್ಥಾನಪಟ್ಟಿಯನ್ನು ಅವರಿಗೆ ವಿವರಿಸುವುದು ಈ ಶಾಸ್ತ್ರದ ವ್ಯಾಪ್ತಿಗೆ ಮೀರಿದ್ದು. ಮುಂದಿನ ಒಂದೆರಡು ವಾರ ಲಘು ನಡಿಗೆ ಮತ್ತು ನಿದ್ರೆ ಮಾತ್ರ ವಿಹಿತ. ಆ ಅವಧಿಯಲ್ಲೇ ಓಟಗಾರನು ಮುಂದಿನ ವರ್ಷದ ನೋಂದಣಿಗೆ ರಿಯಾಯಿತಿ ಇದೆಯೆಂದು ಕಂಡು ಹಣ ಕಟ್ಟಿಬಿಡುತ್ತಾನೆ. ಆ ಕ್ಷಣದಿಂದ ಅವನು ಪ್ರಥಮ ಮ್ಯಾರಥಾನಿನ ಅಧಿಕಾರಿಯಲ್ಲ. ಅವನ ಮೊಣಕಾಲುಗಳಿಗೆ ಈ ಗ್ರಂಥ ಹೊಣೆಯೂ ಅಲ್ಲ.