ಸವಕಲು ಮೀಮಾಂಸೆ

ಹಳೆಯ ಬ್ರಿಟಿಷ್ ನಾಣ್ಯಗಳ ಸಂಗ್ರಾಹಕರಲ್ಲಿ ಒಂದು ದರ್ಶನವೇ ಬೆಳೆದುಬಂದಿದೆ. ಅದಕ್ಕೆ ಸೂತ್ರಗಳಿವೆ, ಭಾಷ್ಯವಿಲ್ಲ. ಲೋಕಹಿತಾರ್ಥವಾಗಿ ಈ ಕೊರತೆಯನ್ನು ನೀಗಿಸುತ್ತಿದ್ದೇವೆ.

ಮೊದಲ ಸೂತ್ರ: ‘ಸವೆದದ್ದನ್ನು ಸವೆದಿದೆ ಎನ್ನತಕ್ಕದ್ದಲ್ಲ.’

ದರ್ಜೆಗಳು ಹುಟ್ಟಿದ್ದು ಇದರಿಂದ. ಅಕ್ಷರಗಳು ಕಣ್ಣು ಕಿರಿದು ಮಾಡಿದರಷ್ಟೇ ಕಾಣುವ, ರಾಣಿಯೋ ರಾಜನೋ ಎಂದು ಅಂದಾಜಿಸಬೇಕಾದ ನಾಣ್ಯ ‘ಫೇರ್’. ಉಬ್ಬುಗಳೆಲ್ಲ ಸವೆದು ಕೂದಲ ಗೆರೆಗಳು ಬಹುಪಾಲು ಅಳಿಸಿದ್ದರೆ ‘ಫೈನ್’. ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ‘ಫೈನ್ ಎಂದರೆ ಚೆನ್ನಾಗಿದೆ ಎಂದಲ್ಲವೇ ಸ್ವಾಮಿ?’ ಅಲ್ಲ. ಚೆನ್ನ ಶುರುವಾಗುವುದು ‘ವೆರಿ ಫೈನ್’ನಿಂದ. ‘ಎಕ್ಸ್‌ಟ್ರೀಮ್ಲಿ ಫೈನ್’ ಆದರೂ ಉಬ್ಬಿನ ತುದಿಯಲ್ಲಿ ತುಸು ಸವಕಳಿ ಕ್ಷಮ್ಯ. ಯಾರ ಜೇಬನ್ನೂ ಕಾಣದ್ದು ‘ಅನ್‌ಸರ್ಕ್ಯುಲೇಟೆಡ್’. ಅದಕ್ಕೂ ಮೇಲೆ, ಫ್ರೆಂಚರಿಂದ ಕಡ ತಂದ ‘ಫ್ಲರ್ ದ ಕ್ವಾನ್’ ಎಂಬ ಮೋಕ್ಷ. ನಾಣ್ಯವಾಗಿ ಹುಟ್ಟಿಯೂ ಒಂದು ಬನ್ನನ್ನೂ ಕೊಳ್ಳದಿರುವುದೇ ನಾಣ್ಯದ ಪರಮ ಪುರುಷಾರ್ಥವೆಂದು ಸಿದ್ಧಾಂತ.

ಹಾಗಾದರೆ ಸಾಹುಕಾರನ ಬೀರುವಿನ ಖಾನೆಯಲ್ಲೇ ಹೊರಳಾಡಿ ಸವೆದರೆ? ಪೂರ್ವಾಚಾರ್ಯರು ಅದನ್ನೂ ಯೋಚಿಸಿದ್ದಾರೆ. ಅದು ಸವಕಳಿಯಲ್ಲ, ‘ಕ್ಯಾಬಿನೆಟ್ ಫ್ರಿಕ್ಷನ್’. ಲಂಡನ್ನಿನ ಮೀನುಪೇಟೆಯಲ್ಲಿ ಸವೆದದ್ದು ದೋಷ, ಮರದ ಖಾನೆಯಲ್ಲಿ ಸವೆದದ್ದು ಕುಲೀನತೆ.

ಎರಡನೆಯ ಸೂತ್ರ: ‘ತಪ್ಪೇ ಭೂಷಣ.’

ಅಚ್ಚಾದ ನಾಣ್ಯ ಯಂತ್ರದಲ್ಲೇ ಅಂಟಿಕೊಂಡು, ಮುಂದಿನ ಬಿಲ್ಲೆಯ ಒಂದು ಮಗ್ಗುಲಿಗೆ ಅದೇ ಮುಖ ತಿರುಗುಮುರುಗಾಗಿ ಒಳಗೊತ್ತಿದರೆ ‘ಬ್ರೋಕೇಜ್’. ಟಂಕಸಾಲೆಗೆ ಅದು ನಾಚಿಕೆ, ಸಂಗ್ರಾಹಕನಿಗೆ ಹಬ್ಬ. 1849ರ ಫ್ಲಾರಿನ್‌ನಲ್ಲಿ ‘ದೇವರ ಕೃಪೆಯಿಂದ’ ಎಂಬ ವಾಡಿಕೆಯ ಒಕ್ಕಣೆಯಿಲ್ಲದೆ ವಿಕ್ಟೋರಿಯಾ ಬರಿಯ ರಾಣಿಯಾಗಿ ಕಾಣಿಸಿಕೊಂಡಳು. ಆಸ್ತಿಕರು ಗದ್ದಲವೆಬ್ಬಿಸಿದರು. 1851ರ ಫ್ಲಾರಿನ್‌ಗೆ ದೇವರು ಮರಳಿದ. ‘ಗಾಡ್‌ಲೆಸ್’ ಎಂಬ ಅಂದಿನ ಬೈಗುಳ ಇಂದು ಕ್ಯಾಟಲಾಗಿನಲ್ಲಿ ಬಿರುದು.

ಮೊದಲ ಸೂತ್ರಕ್ಕೆ ಅಪವಾದ ಒಂದುಂಟು. 8ನೆಯ ಹೆನ್ರಿ 1544ರಿಂದ ತನ್ನ ಬೆಳ್ಳಿ ನಾಣ್ಯಗಳಿಗೆ ತಾಮ್ರ ಬೆರೆಸುತ್ತ ಹೋದ. ಅವುಗಳ ಮೇಲೆ ದೊರೆಯದು ಎದುರುಮುಖ. ಹಾಗಾಗಿ ಎಲ್ಲಕ್ಕಿಂತ ಮೊದಲು ಸವೆದದ್ದು ಮೂಗು. ಮೇಲಿನ ಬೆಳ್ಳಿ ಹೋಗಿ ಕೆಂಪು ಇಣುಕಿತು, ಜನ ಅವನನ್ನು ‘ಓಲ್ಡ್ ಕಾಪರ್‌ನೋಸ್’ ಎಂದರು. ಇಡೀ ಪರಿಭಾಷೆಯಲ್ಲಿ ಸವಕಳಿಯನ್ನು ಮುಚ್ಚುಮರೆಯಿಲ್ಲದೆ ಹೇಳುವ ಹೆಸರು ಇದು. ಇಟ್ಟವರು ಪಂಡಿತರಲ್ಲ, ಸಂತೆಯವರು.

ಇನ್ನು ಗೃಹಸ್ಥರಿಗೊಂದು ವಿಧಿ. ಬಾಂಬೆ ಟಂಕಸಾಲೆ 1918ರಲ್ಲಿ, ಆ ಒಂದೇ ವರ್ಷ, 5ನೆಯ ಜಾರ್ಜನ ಸವರನ್ ಅಚ್ಚು ಹಾಕಿತು. ಹಿಂಬದಿಯಲ್ಲಿ ಕುದುರೆಯ ಕಾಲಡಿಯ ನೆಲದಲ್ಲಿ ‘ಐ’ ಎಂಬ ಪುಟ್ಟ ಇಂಗ್ಲಿಷ್ ಅಕ್ಷರವೇ ಅದರ ಗುರುತು. ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥದ್ದು ಸಿಕ್ಕರೆ ಅಂಟುವಾಳದ ನೊರೆ ಹಾಕಿ ಬ್ರಷ್ಷಿನಿಂದ ಉಜ್ಜಬೇಡಿ. ಈ ದರ್ಶನದಲ್ಲಿ ಕೊಳೆಗೆ ಪ್ರಾಯಶ್ಚಿತ್ತವುಂಟು, ತೊಳೆದದ್ದಕ್ಕಿಲ್ಲ.