ಪೆಟ್ಟಿಗೆಯ ಬಾಣಂತನ

ಮಗಳ ಬಾಣಂತನಕ್ಕೆಂದು ಷಿಕಾಗೋಗೆ ಹೋದ ನಮ್ಮಿಬ್ಬರಲ್ಲಿ ಕೆಲಸವಿದ್ದದ್ದು ಹೆಂಡತಿಗೆ ಮಾತ್ರ. ಎಣ್ಣೆನೀರು, ಮೆಣಸಿನ ಸಾರು, ಬೆಳ್ಳುಳ್ಳಿ, ಇವು ಯಾವುದರಲ್ಲೂ ನನಗೆ ಪ್ರವೇಶವಿರಲಿಲ್ಲ. ಸಾಂಬ್ರಾಣಿ ಹಾಕೋಣವೆಂದರೆ ಚಾವಣಿಯ ಅಲಾರಂ ಬೊಬ್ಬೆ ಹೊಡೆಯುತ್ತದೆ. ಹೀಗೆ ನಿರುದ್ಯೋಗಿಯಾಗಿ ಕೂತಿದ್ದಾಗ ಅಳಿಯನ ಮೇಲಧಿಕಾರಿ ಅವನಿಗೊಂದು ಉಡುಗೊರೆ ಕಳಿಸಿದರು: ಒಂದು ಕಟ್ಟು ಸಿಗಾರು, ಜೊತೆಗೆ ಅದನ್ನಿಡಲು ಮಿರಿಮಿರಿ ಮಿಂಚುವ ಮರದ ಪೆಟ್ಟಿಗೆ. ಮಗು ಹುಟ್ಟಿದರೆ ಸಿಗಾರು ಹಂಚುವುದು ಆ ದೇಶದ ಹಳೆಯ ರೂಢಿಯಂತೆ. ಪೇಡ ಹಂಚುವ ಕುಲದವರಾದ ನಾವು ಬೆಪ್ಪಾಗಿ ನೋಡಿದೆವು.

ಪೆಟ್ಟಿಗೆಯ ಹೆಸರು ಹ್ಯೂಮಿಡರ್. ಒಳಗೆ ಹೊದಿಸಿದ್ದು ಸ್ಪ್ಯಾನಿಷ್ ಸೀಡರ್. ಅದು ಸ್ಪೇನಿನದೂ ಅಲ್ಲ, ಸೀಡರೂ ಅಲ್ಲ. ಲ್ಯಾಟಿನ್ ಅಮೆರಿಕದ ಮರ, ಸಸ್ಯಶಾಸ್ತ್ರದ ಪ್ರಕಾರ ನಮ್ಮ ಬೇವಿನ ದಾಯಾದಿ. ಹೊಸ ಪೆಟ್ಟಿಗೆಗೆ ನೇರವಾಗಿ ಸಿಗಾರು ತುಂಬಿದರೆ ಕೆಟ್ಟಿತು. ಒಣಗಿದ ಮರ ಸಿಗಾರಿನ ತೇವವನ್ನೆಲ್ಲ ಹೀರಿ, ಅದನ್ನು ಸೌದೆ ಪುಳ್ಳೆ ಮಾಡಿಬಿಡುತ್ತದೆ. ಆದ್ದರಿಂದ ಮೊದಲು ಮರದ ಬಾಯಾರಿಕೆ ತೀರಿಸಬೇಕು. ಷಿಕಾಗೋದ ಚಳಿಗಾಲದಲ್ಲಿ ಹೀಟರ್ ಉರಿಯುವ ಮನೆಯ ಗಾಳಿ ಎಷ್ಟು ಒಣವೆಂದರೆ ನನ್ನ ತುಟಿಯೇ ಬಿರಿದಿತ್ತು. ಅದಕ್ಕೆ ಯಾರೂ ನೀರು ಹಿಡಿಯಲಿಲ್ಲ ಎಂಬುದು ಬೇರೆ ಮಾತು.

ನಾನು ಹುಣಸೂರಿನ ಕಡೆಯವನು. ನಮ್ಮಲ್ಲಿ ತಂಬಾಕನ್ನು ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೇಯಿಸಿದ ಮೇಲೆ ಎಲೆ ಮುಟ್ಟಿದರೆ ಪುಡಿಯಾಗುತ್ತದೆಂದು ಬಾಗಿಲು ತೆರೆದಿಟ್ಟು, ಗಾಳಿಯ ತೇವ ಕುಡಿಸಿ ಹದಕ್ಕೆ ತರುತ್ತಾರೆ. ಈ ಜ್ಞಾನದ ಬಲದಿಂದ ಎರಡು ಮಾತು ಹೇಳಹೋದೆ. "ಅದು ಸಿಗರೇಟಿನ ಸೊಪ್ಪು, ಮಾವ. ಇದು ಬೇರೆ," ಎಂದು ಅಳಿಯ ನನ್ನನ್ನು ಪೀಠದಿಂದ ಇಳಿಸಿದ. ಆದರೂ ಸಹಾಯಕನ ಹುದ್ದೆ ಸಿಕ್ಕಿತು.

ಮೊದಲ ವಿಧಿ, ತೇವ ಅಳೆಯುವ ಹೈಗ್ರೋಮೀಟರಿನ ಪರೀಕ್ಷೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಅದು ಕರಗದೆ ಬರೀ ಒದ್ದೆಯಾಗುವಷ್ಟು ನೀರು. ಮುಚ್ಚಳವನ್ನೂ ಮೀಟರನ್ನೂ ಒಂದೇ ಜಿಪ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವ ಶೇ. 75ಕ್ಕೆ ನಿಲ್ಲುತ್ತದೆ. ಮುಳ್ಳು 69 ತೋರಿಸಿದರೆ, ಮುಂದೆ ಅದು ಹೇಳಿದ್ದಕ್ಕೆಲ್ಲ ಆರು ಸೇರಿಸಿಕೊಳ್ಳಬೇಕು. ಉಪ್ಪು ಕೇಳಲು ಅಡುಗೆಮನೆಗೆ ಹೋದಾಗ ಹೆಂಡತಿ, "ಪೆಟ್ಟಿಗೆಗೂ ದೃಷ್ಟಿ ತೆಗೀತೀರೇನ್ರೀ?" ಎಂದಳು.

ಎರಡನೆಯದು ನೀರು. ನಲ್ಲಿಯದು ಆಗದು, ಅದರ ಲವಣ ಪೆಟ್ಟಿಗೆಯೊಳಗೆ ತೇವಕ್ಕೆಂದು ಇಡುವ ಸ್ಪಂಜಿನಲ್ಲಿ ಕಟ್ಟಿಕೊಳ್ಳುತ್ತದೆ. ಡಿಸ್ಟಿಲ್ಡ್ ನೀರೇ ಬೇಕು. "ಬಾಣಂತಿಗೆ ನಲ್ಲಿ ನೀರು ಕಾಯಿಸಿ ಕೊಟ್ಟರೆ ಸಾಕು, ಈ ಮಹಾರಾಯನಿಗೆ ಸಾಲದು," ಎಂದು ಒಳಗಿನಿಂದ ಟಿಪ್ಪಣಿ ಬಂತು. ಹಿಂದೆಲ್ಲ ಒದ್ದೆ ಬಟ್ಟೆಯಿಂದ ಮರವನ್ನು ಒರೆಸುತ್ತಿದ್ದರಂತೆ. ಈಗ ತಿಳಿದವರು ಬೇಡವೆನ್ನುತ್ತಾರೆ, ಮರ ಒಮ್ಮೆಗೇ ನೀರು ಕುಡಿದು ಉಬ್ಬಿದರೆ ಮುಚ್ಚಳ ಕೂರುವುದಿಲ್ಲ. ಆದ್ದರಿಂದ ಪುಟ್ಟ ತಟ್ಟೆಯಲ್ಲಿ ಒದ್ದೆ ಸ್ಪಂಜು ಇಟ್ಟು, ಮುಚ್ಚಿ, ಒಂದೆರಡು ವಾರ ಸುಮ್ಮನಿರಬೇಕು.

ಈ ಸುಮ್ಮನಿರುವುದಿದೆಯಲ್ಲ, ಅದೇ ಕಷ್ಟದ್ದು. ಅಳಿಯ ಹೋಗುತ್ತಾ ಬರುತ್ತಾ ಮುಚ್ಚಳ ತೆರೆಯುತ್ತಿದ್ದ. ತೆರೆದಾಗಲೆಲ್ಲ ಕೂಡಿಟ್ಟ ತೇವ ಹೊರಗೆ. ಆಫೀಸಿಗೆ ಹೋದರೆ ಅಲ್ಲಿಂದ ಫೋನು: "ಎಷ್ಟಿದೆ ಮಾವ?" ನಾನು "ಅರವತ್ತೆರಡು" ಎಂದರೆ ಅವನ ದನಿ ಇಳಿಯುತ್ತಿತ್ತು. ಮನೆಯಲ್ಲಿ ಕೆಲಸ ಹಂಚಿಕೆಯಾಗಿಹೋಯಿತು: ಮಗು ಅತ್ತರೆ ಅತ್ತೆ, ಮುಳ್ಳು ಬಿದ್ದರೆ ಮಾವ.

ಇದೆಲ್ಲ ಅತಿಯಾಯಿತೆಂದು ಒಮ್ಮೆ ಹೇಳಿದ್ದಕ್ಕೆ ಅಳಿಯ ಕೆನಡಿಯನ್ನು ಎಳೆತಂದ. ಹಾಸ್ಯನಟ ಮಿಲ್ಟನ್ ಬರ್ಲ್ 1961ರಲ್ಲಿ ಅಧ್ಯಕ್ಷ ಕೆನಡಿಗೆ ಕೊಟ್ಟ ಹ್ಯೂಮಿಡರ್ 1996ರ ಹರಾಜಿನಲ್ಲಿ 5,74,500 ಡಾಲರಿಗೆ ಹೋಯಿತಂತೆ. ಆ ಪೆಟ್ಟಿಗೆಯ ಮುಳ್ಳು ಎಷ್ಟು ತೋರಿಸುತ್ತಿತ್ತೆಂದು ಕೇಳಿದೆ. ಅಳಿಯ ನಗಲಿಲ್ಲ.

ಅಂತೂ ಮುಳ್ಳು 68ರಲ್ಲಿ ನೆಲೆನಿಂತಿತು, ಸಿಗಾರುಗಳ ಗೃಹಪ್ರವೇಶವಾಯಿತು. ಚಿಂತೆಯೇನೂ ಮುಗಿಯಲಿಲ್ಲ. ತೇವ 75 ದಾಟಿದರೆ ಬೂಷ್ಟು ಹಿಡಿಯುವ ಭಯ. ಪೆಟ್ಟಿಗೆ ಬೆಚ್ಚಗಾದರೆ ಎಲೆಯೊಳಗಿನ ಮೊಟ್ಟೆ ಒಡೆದು ತಂಬಾಕಿನ ಹುಳು ಸಿಗಾರು ಕೊರೆಯುತ್ತದೆ. ಇನ್ನು ಸೇದುವ ಮಾತು. ಒಳಗೆ ಸೇದೋಣವೆಂದರೆ ಹಸುಗೂಸು ಇದೆ, ಹೊರಗೆ ನಿಂತರೆ ಮೂಗು ಹೆಪ್ಪುಗಟ್ಟುವ ಚಳಿ. ನಾವು ವಿಮಾನ ಹತ್ತುವವರೆಗೆ ಒಂದು ಸಿಗಾರೂ ಕಡಿಮೆಯಾಗಿರಲಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಅಳಿಯನೋ ಮಗನೋ ಸಿಗಾರಿನ ರುಚಿ ಹತ್ತಿಸಿಕೊಳ್ಳುತ್ತಿದ್ದರೆ ಬುದ್ಧಿವಾದ ಹೇಳಿ ಬಾಯಿ ನೋಯಿಸಿಕೊಳ್ಳಬೇಡಿ. ಒಂದು ಹ್ಯೂಮಿಡರ್ ತೆಗೆದುಕೊಡಿ. ಸೇದಲು ಅವನಿಗೆ ಪುರುಸೊತ್ತೇ ಸಿಗುವುದಿಲ್ಲ.