ಗಣಪತಿಯನ್ನು ಗೇಟಿನಲ್ಲೇ ನಿಲ್ಲಿಸುವವರಿಗೆ

ಮಾನ್ಯ ಪ್ರಾಧ್ಯಾಪಕ ಮಹೋದಯರೆ,

ಅಕ್ಕಲಕೋಟ ತಾಲೂಕು ಚಪಳಗಾಂವದ ಒಂದು ಹಿಟ್ಟಿನ ಗಿರಣಿಯಿಂದ ಬರೆಯುತ್ತಿದ್ದೇನೆ.

ನಾನು ಓದಿದ್ದು ಹನ್ನೆರಡನೇ ಇಯತ್ತೆ. ಆದರೂ ಬಿ.ಎ. ಪರೀಕ್ಷೆಯ ಹಾಲಿನಲ್ಲಿ ಮೂರು ವರ್ಷ ಕೂತು ಎದ್ದಿದ್ದೇನೆ. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಎಲ್ಲವನ್ನೂ ಬರೆದದ್ದು ಈ ಕೈಯೇ. ತಲೆ ಮಾತ್ರ ಪಕ್ಕದಲ್ಲಿ ಕೂತವನದು. ಕಣ್ಣು ಕಾಣದ ಗೆಳೆಯನಿಗೆ ನಾನು ರೈಟರ್. ಮರಾಠಿ ಅರ್ಜಿಯಲ್ಲಿ ನನ್ನನ್ನು ಲೇಖನಿಕ ಅನ್ನುತ್ತಾರೆ, ಕನ್ನಡ ಪತ್ರಿಕೆಯವರು ಲಿಪಿಕಾರ ಅನ್ನುತ್ತಾರೆ, ನಿಮ್ಮ ಸ್ಟಾಫ್ ರೂಮಿನಲ್ಲಿ ‘ಆ ಕುರುಡನ ಜೋಡಿ ಬಂದಾನಲ್ಲ, ಅವ’ ಅನ್ನುತ್ತೀರಿ.

ಈ ಕೆಲಸಕ್ಕೆ ನನ್ನ ಅನರ್ಹತೆಯೇ ಅರ್ಹತೆ. ಅಭ್ಯರ್ಥಿ ತಾನೇ ರೈಟರನ್ನು ಕರೆತಂದರೆ ಆ ರೈಟರನ ಓದು ಒಂದು ಮೆಟ್ಟಿಲು ಕೆಳಗಿರಬೇಕು ಎಂದು ಕೇಂದ್ರ ಸರಕಾರದ 2018ರ ಮಾರ್ಗಸೂಚಿ ಹೇಳಿತು. ಕಾಪಿ ಆಗಬಾರದಲ್ಲ, ಅದಕ್ಕೆ. ನನ್ನದೇನೂ ತಕರಾರಿಲ್ಲ. ಆದರೆ ನಮ್ಮ ರೈಟರ್ ಕುಲದ ಮೂಲಪುರುಷ ಗಣಪತಿ ನೋಡ್ರಿ. ವ್ಯಾಸರು ಹೇಳಿದರು, ಅವನು ಬರೆದ. ಆಗ ನೀವು ಸುಪರ್‌ವೈಜರ್ ಆಗಿದ್ದರೆ ‘ಏನು, ವಿದ್ಯಾಧಿಪತಿನಾ? ಕ್ವಾಲಿಫಿಕೇಶನ್ ಜಾಸ್ತಿ ಆತು, ನಡೀರಿ’ ಎಂದು ಗೇಟಿನಲ್ಲೇ ನಿಲ್ಲಿಸುತ್ತಿದ್ದಿರಿ. ಮಹಾಭಾರತ ಆದಿಪರ್ವಕ್ಕೇ ಮುಗಿಯುತ್ತಿತ್ತು. ಸಂಜಯನ ಗತಿಯೂ ಅಷ್ಟೆ. ಧೃತರಾಷ್ಟ್ರನ ಪಕ್ಕ ಕೂತು ಯುದ್ಧ ಹೇಳಲು ಅವನು ಮೂರು ಪ್ರತಿ ಅರ್ಜಿ ಕೊಟ್ಟು, ಅದರ ಮೇಲೆ ಪ್ರಿನ್ಸಿಪಾಲರ ಸಹಿ ಬೀಳುವಷ್ಟರಲ್ಲಿ ದುರ್ಯೋಧನನ ತೊಡೆ ಮುರಿದಿರುತ್ತಿತ್ತು.

ಇದು ದೂರಿನ ಪತ್ರವಲ್ಲ. ನಿಮ್ಮ ಮನೋಭಾವವನ್ನು ಕೊಂಡಾಡಲು ಬರೆಯುತ್ತಿದ್ದೇನೆ. ಅದು ಎಷ್ಟು ದೊಡ್ಡದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕಾಲೇಜು. ಸೊಲ್ಲಾಪುರದ್ದೋ ವಿಜಯಪುರದ್ದೋ ಕಲಬುರ್ಗಿಯದೋ ಎಂದು ಕೇಳಬೇಡಿ. ನಾವು ಗಡಿಯವರು, ಬೈಸಿಕೊಳ್ಳಲು ನಮಗೆ ಎರಡೂ ಕಡೆ ಕಾಲೇಜುಗಳಿವೆ. ರೈಟರ್ ಅರ್ಜಿಯ ಸಹಿಗಾಗಿ ಗೆಳೆಯನೂ ನಾನೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದೆವು. ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಪ್ರಶ್ನಾವಳಿ ಹಂಚುತ್ತಿದ್ದಳು. ವಿಶೇಷ ಅಗತ್ಯವುಳ್ಳ ವಿದ್ಯಾರ್ಥಿಗಳನ್ನು ಎಲ್ಲರ ಜೊತೆ ಕೂರಿಸಿ ಕಲಿಸುವುದರ ಬಗ್ಗೆ ಅಧ್ಯಾಪಕರ ಅಭಿಪ್ರಾಯ ಬೇಕಾಗಿತ್ತಂತೆ. ಪ್ರತಿ ಸಾಲಿಗೆ ಐದು ಚೌಕ. ಸಾಹೇಬರೊಬ್ಬರು ಪೆನ್ನು ತೆಗೆದು ‘ಪೂರ್ಣವಾಗಿ ಒಪ್ಪುತ್ತೇನೆ’ ಎಂಬ ಚೌಕಗಳ ಮೇಲೆ ಮೇಲಿನಿಂದ ಕೆಳಗಿನ ತನಕ ಟಿಕ್ ಹಾಕುತ್ತ ಬಂದರು, ಕಬ್ಬಿನ ಸಾಲಿನಷ್ಟು ನೆಟ್ಟಗೆ. ಪ್ರಶ್ನೆ ಓದುವ ತ್ರಾಸು ತೆಗೆದುಕೊಳ್ಳಲಿಲ್ಲ. ಮನಸ್ಸು ಅಷ್ಟು ವಿಶಾಲವಾಗಿದ್ದರೆ ಓದುವ ಜರೂರು ಇರುವುದಿಲ್ಲ.

ಟಿಕ್ ಮುಗಿಸಿ, ಪೆನ್ನಿಗೆ ಟೊಪ್ಪಿಗೆ ಹಾಕಿ, ನನ್ನ ಕಡೆ ತಿರುಗಿ ಕೇಳಿದರು: ‘ಇವ ಬಿ.ಎ. ಮಾಡಿ ಏನ್ ಮಾಡ್ತಾನ? ಗದಗಿಗೆ ಕಳಸಿದ್ರ ಸಂಗೀತ ಆದ್ರೂ ಕಲೀತಿದ್ದ.’

ಕೇಳಿದ್ದು ನನ್ನನ್ನು. ಗೆಳೆಯ ಪಕ್ಕದಲ್ಲೇ ನಿಂತಿದ್ದ. ಕಣ್ಣು ಹೋದವನಿಗೆ ಕಿವಿಯೂ ಹೋಗಿರುತ್ತದೆ ಎಂಬುದು ನಿಮ್ಮಲ್ಲಿ ಬಹಳ ಮಂದಿಯ ಸಿದ್ಧಾಂತ. ಕಣ್ಣಿಲ್ಲದವರಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ನಮ್ಮ ಮನೆತನವೇ ಅಡ್ಡಬೀಳುತ್ತದೆ. ಪಂಚಾಕ್ಷರಿ ಗವಾಯಿಗಳು, 2010ರಲ್ಲಿ ಪದ್ಮಭೂಷಣ ಪಡೆದ ಪುಟ್ಟರಾಜ ಗವಾಯಿಗಳು, ಇಬ್ಬರ ಫೋಟೋವೂ ಗಿರಣಿಯಲ್ಲಿದೆ. ಆದರೆ ನನ್ನ ಗೆಳೆಯನ ಕಂಠ ಕೇಳಿದ್ದರೆ ಸಾಹೇಬರು ಆ ಸಲಹೆ ಕೊಡುತ್ತಿರಲಿಲ್ಲ. ಗಿರಣಿಯ ಬೆಲ್ಟು ಜಾರಿದಾಗ ಬರುವ ಸಪ್ಪಳ ಅದಕ್ಕಿಂತ ಇಂಪು. ಅವನಿಗೆ ಇರುವುದು ಇತಿಹಾಸದ ಹುಚ್ಚು. ನಳದುರ್ಗದ ಕೋಟೆಯ ಕಲ್ಲುಗಳನ್ನು ಅಂಗೈಯಿಂದ ಸವರಿ ಸವರಿ ಹಚ್ಚಿಕೊಂಡದ್ದು. ಕಣ್ಣಿದ್ದ ಎಲ್ಲರಿಗೂ ನೀವು ಚಿತ್ರಕಲೆ ಕಲಿಯಲು ಹೇಳುತ್ತೀರಾ?

ನಿಮ್ಮ ಲೆಕ್ಕದಲ್ಲಿ ಅಂಗವೈಕಲ್ಯ ಅಂದರೆ ಮೂರು: ಕಣ್ಣು, ಕಿವಿ, ಕಾಲು. 1995ರ ಕಾಯ್ದೆ ಏಳು ಎಂದಿತ್ತು, 2016ರದು ಇಪ್ಪತ್ತೊಂದು ಎಂದಿತು, ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ ಐದು ಸೀಟು ಇಡಿ ಎಂದಿತು. ಆಟಿಸಂ, ಹಿಮೋಫಿಲಿಯಾ, ಪಾರ್ಕಿನ್ಸನ್, ಓದುವಾಗ ಬರೆಯುವಾಗ ಅಕ್ಷರ ತೊಡರುವ ಕಲಿಕೆಯ ತೊಂದರೆ, ಎಲ್ಲವೂ ಆ ಪಟ್ಟಿಯಲ್ಲಿವೆ. ನಮ್ಮ ಕ್ಲಾಸಿನಲ್ಲೇ (ನಮ್ಮ ಅಂದುಬಿಟ್ಟೆ, ಕ್ಷಮಿಸಿ, ಅವನ ಕ್ಲಾಸು) ಅಂಥ ಹುಡುಗನೊಬ್ಬನಿದ್ದ. ಬಾಯಿಂದ ಕೇಳಿದರೆ ಪಟಪಟ ಉತ್ತರ, ಪೇಪರಿನ ಮೇಲೆ ಇರುವೆ ಸಾಲು. ‘ಇಲ್ಲೀತನಕಾ ಬಂದಾನಂದ್ರ ಇವಗೇನಾಗೇತಿ, ಮೈಗಳ್ಳತನ’ ಎಂದು, ರೈಟರ್ ಬೇಕೆಂದು ಅವನು ತಂದ ತಜ್ಞ ವೈದ್ಯರ ಚೀಟಿಯನ್ನು ನೀವು ಒಂದೇ ಮಾತಿನಲ್ಲಿ ರದ್ದು ಮಾಡಿದಿರಿ. ಬರೆಯುವಾಗ ಕೈ ಸೆಡೆಯುವ ವಿಕಾಶ್ ಕುಮಾರ್ ಎಂಬವರು ಯುಪಿಎಸ್‌ಸಿ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ರೈಟರ್ ಸಿಗಲು ನೂರಕ್ಕೆ ನಲವತ್ತರಷ್ಟು ಅಂಗವೈಕಲ್ಯದ ಸರ್ಟಿಫಿಕೇಟೇ ಬೇಕೆಂದಿಲ್ಲ ಎಂದು 2021ರ ಫೆಬ್ರವರಿ 11ರಂದು ಕೋರ್ಟು ಹೇಳಿತು. ನಿಮ್ಮ ಸ್ಟಾಫ್ ರೂಮು ಅದಕ್ಕಿಂತ ಮೇಲಿನ ಕೋರ್ಟು ಎಂಬುದು ಆ ಹುಡುಗನಿಗೆ ಗೊತ್ತಿರಲಿಲ್ಲ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದ ವಾರ ನಿಮ್ಮ ಪ್ರೀತಿಗೆ ಎಣೆಯಿರಲಿಲ್ಲ. ರ‍್ಯಾಂಪಿನ ಮೇಲೆ ನಿಲ್ಲಿಸಿದ್ದ ಸ್ಕೂಟರುಗಳು ಮಾಯವಾದವು, ವಿಶೇಷ ಶೌಚಾಲಯದ ಕೀಲಿ ಸಿಕ್ಕಿತು, ಒಳಗಿದ್ದ ಮುರುಕು ಬೆಂಚುಗಳು ಹೊರಗೆ ಬಂದವು. ಅವರ ಯಾದಿಯಲ್ಲಿ ರ‍್ಯಾಂಪು, ಶೌಚಾಲಯ, ಫಲಕ, ತಂತ್ರಾಂಶ ಆದ ಮೇಲೆ ‘ಮಾನವ ಸಹಾಯ’ ಎಂದೊಂದು ಕಲಮು ಇತ್ತು. ಆ ಮಾನವ ನಾನೇ ಎಂದು ತಡವಾಗಿ ತಿಳಿಯಿತು. ನನ್ನ ಜಿಯೋ ಟ್ಯಾಗ್ ಫೋಟೋ ಫೈಲಿನಲ್ಲಿದೆಯಂತೆ. ಎಸ್.ಟಿ. ಬಸ್ಸಿನ ಚಾರ್ಜು ಮಾತ್ರ ನಾನೇ ಹಾಕಿಕೊಂಡೆ.

ಎಸ್.ಟಿ. ಅಂದಾಗ ನೆನಪಾಯಿತು. ನಮ್ಮ ಗಾಡಿಯ ಕಂಡಕ್ಟರು ಯಾವ ಓರಿಯೆಂಟೇಶನ್ ಕೋರ್ಸಿಗೂ ಹೋದವನಲ್ಲ. ಗೆಳೆಯ ಹತ್ತಿದ ದಿನ ಮಾತ್ರ ಪ್ರತಿ ಸ್ಟಾಪಿನ ಹೆಸರು ಕೂಗಿ ಹೇಳುತ್ತಾನೆ. ಯಾರೂ ಕಲಿಸಿಲ್ಲ, ಖರ್ಚೂ ಇಲ್ಲ. ನೀವು ಬೋರ್ಡಿನ ಮೇಲೆ ಬರೆದು ‘ನೋಡ್ರಿ, ಇದು ಇಲ್ಲಿಂದ ಇಲ್ಲಿಗೆ ಬಂತು, ಇದರಿಂದ ಇದಾತು’ ಅನ್ನುತ್ತೀರಿ. ಯಾವುದು ಎಲ್ಲಿಂದ ಎಲ್ಲಿಗೆ ಬಂತೆಂದು ಗೆಳೆಯ ಮೂರು ವರ್ಷದಿಂದ ಯೋಚಿಸುತ್ತಿದ್ದಾನೆ. ಬರೆದದ್ದನ್ನು ಬಾಯಲ್ಲೂ ಹೇಳಿ ಎಂದು ಅವನು ಬೇಡಿಕೊಂಡಾಗ ‘ಒಬ್ಬನ ಸಲುವಾಗಿ ಇಡೀ ಕ್ಲಾಸ್ ನಿಂದರಸೂದ?’ ಎಂದಿರಿ.

ನೋಟ್ಸು ಕೊಡಲಿಲ್ಲ ಅಂದರೆ ಸುಳ್ಳಾದೀತು. ವಾಟ್ಸಾಪಿನಲ್ಲಿ ಕೈಬರಹದ ಫೋಟೋ ಕಳಿಸಿದಿರಿ. ಎನ್‌ವಿಡಿಎ ಎಂಬ ತಂತ್ರಾಂಶ ಕಂಪ್ಯೂಟರಿನ ತೆರೆಯ ಮೇಲಿದ್ದದ್ದನ್ನು ಬಿಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡವನ್ನೂ. ಫೋಟೋ ಕಂಡರೆ ‘ಗ್ರಾಫಿಕ್’ ಎಂದು ಸುಮ್ಮನಾಗುತ್ತದೆ. ಟೈಪ್ ಮಾಡಿಸಿ ಕೊಡಿ ಎಂದದ್ದಕ್ಕೆ ಹತ್ತು ವರ್ಷ ಹಿಂದಿನ ನುಡಿ ಫಾಂಟಿನ ಫೈಲು ಬಂತು, ಯುನಿಕೋಡ್ ಅಲ್ಲದ್ದು. ವಚನ ಸಾಹಿತ್ಯದ ಟಿಪ್ಪಣಿಯನ್ನು ಕಂಪ್ಯೂಟರು ಇಂಗ್ಲಿಷ್ ಅಕ್ಷರಗಳಲ್ಲಿ ದೆವ್ವ ಬಡಿದವರ ಹಾಗೆ ಒದರಿತು. ಸೊನ್ನಲಿಗೆಯ ಸಿದ್ಧರಾಮ ಅದನ್ನು ಕೇಳಿದ್ದರೆ ಮತ್ತೊಂದು ಕೆರೆ ತೋಡಿ ಅದರಲ್ಲಿ ಆ ಫೈಲನ್ನು ಹಾಕುತ್ತಿದ್ದ.

ಇನ್ನು ಪರೀಕ್ಷೆಯಲ್ಲಿ ಗೆಳೆಯನಿಗೆ ಸಿಗುವ ಹೆಚ್ಚಿನ ವೇಳೆ. ತಾಸಿಗೆ 20 ನಿಮಿಷದಂತೆ ಮೂರು ತಾಸಿನ ಪೇಪರಿಗೆ ಒಂದು ತಾಸು. ಉಳಿದವರು ಎದ್ದು ಹೋದ ಮೇಲೆ ಆ ಹಾಲಿನಲ್ಲಿ ನಾವು ಮೂವರು: ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ, ನೀವು ನಿಟ್ಟುಸಿರು ಬಿಡುತ್ತೀರಿ. ನಿಮ್ಮ ಕೀಲಿ ಗೊಂಚಲಿನ ಸದ್ದಿನಿಂದ ಎಷ್ಟು ನಿಮಿಷ ಉಳಿದಿದೆಯೆಂದು ಅವನು ಸರಿಯಾಗಿ ಹೇಳುತ್ತಿದ್ದ. ಒಂದು ಸಲ ನೀವು, ಪಾಪ, ಅನುಕಂಪದಿಂದಲೇ ಹೇಳಿದಿರಿ: ‘ಇಷ್ಟ್ಯಾಕ ಬರೀತೀರಪಾ, ಇಂಥಾವ್ರಿಗೆ ಪಾಸ್ ಮಾಡೇ ಮಾಡ್ತಾರ.’ ಅವತ್ತು ಗೆಳೆಯ ಬೇಕಂತಲೇ ಎರಡು ಪುರವಣಿ ಕೇಳಿದ.

ಪಾಸಾದ, ಫಸ್ಟ್ ಕ್ಲಾಸು. ಎಂ.ಎ.ಗೆ ಹೆಸರು ಹಚ್ಚುತ್ತಾನೆ. ತೊಂದರೆ ಈಗ ನನ್ನದು. ನಾನು ಎರಡು ಮೆಟ್ಟಿಲು ಕೆಳಗಾದೆ. ಅವನ ಪೇಪರು ಬರೆಯಬೇಕಾದರೆ ನಾನೂ ಬಿ.ಎ. ಆಗಬೇಕು. ಒಮ್ಮೆ ಬರೆದ ಪೇಪರುಗಳನ್ನೇ ಮತ್ತೆ ಬರೆಯಬೇಕು, ಈ ಸಲ ತಲೆಯೂ ನನ್ನದೇ. ಗಿರಣಿಯಲ್ಲಿ ಜೋಳ ಸುರಿಯುತ್ತ ಗೆಳೆಯನ ಮುಂದೆ ಹೀಗೆಂದು ಗೋಳು ತೋಡಿಕೊಂಡೆ.

‘ಏನ್ ಹೆದರ್ತೀಯಲೇ, ನೀ ಬರಿ, ನಾ ಪಕ್ಕಕ್ ಕುಂತು ಹೇಳ್ತೀನಿ’ ಎಂದ.

‘ಅದು ಕಾಪಿ ಆಗ್ತದಲೇ’ ಎಂದೆ.

ಇಂತಿ,
ನಿಮಗಿಂತ ಬಹಳ ಮೆಟ್ಟಿಲು ಕೆಳಗಿರುವ
ಒಬ್ಬ ರೈಟರ್, ಚಪಳಗಾಂವ

ತಾ.ಕ.: ಈ ಪತ್ರವನ್ನು ಯುನಿಕೋಡಿನಲ್ಲಿ ಟೈಪ್ ಮಾಡಿಸಿದ್ದೇನೆ. ಗೆಳೆಯ ಕೇಳಿ ಎರಡು ತಪ್ಪು ತಿದ್ದಿಸಿದ.